ಕುಟುಂಬದ ವಾಹನವೂ ಅದರ ಗುಪ್ತದೋಷಗಳೂ

ಮನೆಯನ್ನು ಕಟ್ಟುವುದು, ಮದುವೆಯನ್ನು ಮಾಡುವುದು, ಇವೆರಡೇ ಗೃಹಸ್ಥನ ಶಕ್ತಿಯನ್ನು ಪರೀಕ್ಷಿಸತಕ್ಕ ದೊಡ್ಡ ವೆಚ್ಚಗಳೆಂದು ನಮ್ಮ ಹಿರಿಯರು ಎಣಿಸಿದ್ದರು. ಈ ಕಾಲದಲ್ಲಿ ಇವೆರಡರ ಪಂಕ್ತಿಗೆ ಮೋಟಾರು ವಾಹನವು ಮೂರನೆಯದಾಗಿ ಬಂದು ಸೇರಿದೆ. ಹೂವಿನ ಹಡಗಲಿ ತಾಲ್ಲೂಕಿನ ನಮ್ಮ ಹೊಳಲಿನಂಥ ಊರಿನಲ್ಲಿಯೂ, ಹಿಂದೆ ಎತ್ತಿನ ಬಂಡಿಯು ನಿಲ್ಲುತ್ತಿದ್ದ ಬಾಗಿಲ ಮುಂದಣ ಬಯಲಿನಲ್ಲಿ, ಈಗ ಎಸ್‌ಯುವಿ ಎಂದು ಕರೆಯಲ್ಪಡುವ ಎತ್ತರವಾದ ಕುಟುಂಬವಾಹನವು ನಿಂತಿರುವುದನ್ನು ಕಾಣಬಹುದು. ಮೈಲಾರದ ಜಾತ್ರೆಗೆ ಹೋಗುವುದು ಅದರಲ್ಲಿಯೇ. ಕೊಟ್ಟೂರಿನ ತೇರಿಗೆ, ಕುರುವತ್ತಿಯ ದೇವರ ದರ್ಶನಕ್ಕೆ, ದಾವಣಗೆರೆಯ ಆಸ್ಪತ್ರೆಗೆ ಹೋಗುವುದೂ ಅದರಲ್ಲಿಯೇ. ಅಜ್ಜಿಯು ಕಿಟಕಿಯ ಬಳಿಯಲ್ಲಿ, ಸೊಸೆಯು ನಡುವೆ, ಮೊಮ್ಮಗುವು ತೊಡೆಯ ಮೇಲೆ, ಹೀಗೆ ಒಂದು ಮನೆಯ ಸರ್ವಸ್ವವೂ ಆ ಒಂದು ವಾಹನದೊಳಗೆ ಕುಳಿತು ಸಾಗುವುದು.

ಹೀಗಿರಲು ವಾಹನವನ್ನು ಕೊಳ್ಳುವಾಗ ನಾವು ಏನೇನು ವಿಚಾರಿಸುತ್ತೇವೆ? ಬೆಲೆಯನ್ನು ವಿಚಾರಿಸುತ್ತೇವೆ, ಬಣ್ಣವನ್ನು ಆರಿಸುತ್ತೇವೆ, ಲೀಟರಿಗೆ ಎಷ್ಟು ಕಿಲೋಮೀಟರು ಓಡುವುದೆಂದು ಕೇಳುತ್ತೇವೆ, ನೋಂದಣಿಯ ಸಂಖ್ಯೆಯು ಶುಭವೇ ಎಂದೂ ಲೆಕ್ಕ ಹಾಕುತ್ತೇವೆ. ಆದರೆ ಈ ಮಾದರಿಯ ವಾಹನಗಳಲ್ಲಿ ಯಾವುದಾದರೊಂದು ದೋಷವನ್ನು ತಯಾರಕರೇ ಒಪ್ಪಿಕೊಂಡು, ಅವುಗಳನ್ನು ದುರಸ್ತಿಗೆ ಮರಳಿ ಕರೆಸಿದ್ದಾರೆಯೇ, ಕರೆಸಿದ್ದರೆ ನಮ್ಮ ವಾಹನವು ಹೋಗಿಬಂದಿದೆಯೇ ಎಂಬುದನ್ನು ವಿಚಾರಿಸುವವರು ಬಹು ವಿರಳ. ಈ ಒಂದು ಪ್ರಶ್ನೆಯನ್ನು ಗೃಹಸ್ಥರ ಮುಂದಿಡುವುದೇ ಈ ಲೇಖನದ ಉದ್ದೇಶವಾಗಿರುತ್ತದೆ.

ಮೂರು ಬಗೆಯ ಕೆಡುಕು

‘ಗಾಡಿ ಕೆಟ್ಟಿತು’ ಎಂಬ ಒಂದೇ ಮಾತಿನಲ್ಲಿ ನಾವು ಮೂರು ಬೇರೆ ಬೇರೆ ಸಂಗತಿಗಳನ್ನು ಬೆರೆಸಿಬಿಡುತ್ತೇವೆ. ತರ್ಕಶಾಸ್ತ್ರವನ್ನು ಓದುವವರು ಮೊದಲು ಪದಾರ್ಥಗಳನ್ನು ವಿಂಗಡಿಸಿಕೊಳ್ಳುವರಷ್ಟೆ. ಇಲ್ಲಿಯೂ ಹಾಗೆಯೇ ಮಾಡೋಣ. ಮೊದಲನೆಯದು ಸವೆತ: ಟಯರು ಸವೆಯುವುದು, ಬ್ರೇಕಿನ ಪಟ್ಟಿಯು ತೆಳುವಾಗುವುದು. ಇದು ಬಳಕೆಯ ಫಲ. ಇದಕ್ಕೆ ಯಾರೂ ಅಪರಾಧಿಗಳಲ್ಲ. ಎರಡನೆಯದು ಅನವಧಾನ: ಎಣ್ಣೆಯನ್ನು ಬದಲಿಸದಿರುವುದು, ಮಿತಿಮೀರಿ ಜನರನ್ನು ತುಂಬುವುದು, ನಿದ್ರೆಗಣ್ಣಿನಲ್ಲಿ ನಡೆಸುವುದು. ಇದಕ್ಕೆ ಒಡೆಯನಾಗಲಿ ಚಾಲಕನಾಗಲಿ ಹೊಣೆ. ಮೂರನೆಯದು ನಿರ್ಮಾಣದೋಷ: ವಾಹನವು ಯಂತ್ರಶಾಲೆಯಿಂದ ಹೊರಬೀಳುವಾಗಲೇ ಅದರೊಳಗೆ ಅಡಗಿಕೊಂಡು ಬಂದ ಕೊರತೆ. ಎಷ್ಟು ಜಾಗರೂಕತೆಯಿಂದ ನಡೆಸಿದರೂ ಇದು ಹೋಗತಕ್ಕದ್ದಲ್ಲ. ಎಷ್ಟು ತೊಳೆದು ಒರೆಸಿದರೂ ಕಣ್ಣಿಗೆ ಕಾಣತಕ್ಕದ್ದಲ್ಲ. ಆದುದರಿಂದಲೇ ಇದನ್ನು ಗುಪ್ತದೋಷವೆಂದೆನು.

ಬಂಡಿಯ ಕಾಲದಲ್ಲಿ ಇಂಥ ದೋಷಕ್ಕೆ ಪರಿಹಾರವು ಸುಲಭವಾಗಿತ್ತು. ಬಂಡಿಯನ್ನು ಮಾಡಿದ ಬಡಿಗನೂ, ಗಾಲಿಗೆ ಹಳಿಯನ್ನು ತೊಡಿಸಿದ ಕಮ್ಮಾರನೂ ಅದೇ ಊರಿನವರು. ಗಾಲಿಯ ಕಡಾಣಿಯು ಸಡಿಲವೆಂದು ತೋರಿದರೆ, ಅಚ್ಚಿನಲ್ಲಿ ಬಿರುಕು ಕಂಡರೆ, ಆ ಹೊತ್ತೇ ಬಂಡಿಯನ್ನು ಅವರ ಮನೆಯ ಮುಂದೆ ನಿಲ್ಲಿಸಬಹುದಾಗಿತ್ತು. ಮೇಲಾಗಿ, ಒಂದು ಬಂಡಿಯಲ್ಲಿ ಕೈತಪ್ಪಿದರೆ ಆ ತಪ್ಪು ಆ ಒಂದು ಬಂಡಿಯಲ್ಲಿಯೇ ಇರುತ್ತಿತ್ತು. ಯಂತ್ರಶಾಲೆಯ ಮಾತು ಬೇರೆ. ಅಲ್ಲಿ ಒಂದೇ ಎರಕದಿಂದ ಸಾವಿರಾರು ಬಿಡಿಭಾಗಗಳು ಹೊರಡುತ್ತವೆ. ಮೂರು ವಾರಗಳ ಕಾಲ ಒಂದು ಬಿಡಿಭಾಗವು ಸರಿಯಿಲ್ಲದೆ ಬಂದರೆ ಆ ಮೂರು ವಾರಗಳಲ್ಲಿ ತಯಾರಾದ ವಾಹನಗಳೆಲ್ಲವೂ ಆ ದೋಷವನ್ನು ಹೊತ್ತುಕೊಂಡು ದೇಶದ ನಾನಾ ದಿಕ್ಕುಗಳಿಗೆ ಹೋಗಿಬಿಡುತ್ತವೆ. ಆಗ ತಯಾರಕನು ತನ್ನ ದಾಖಲೆಗಳನ್ನು ನೋಡಿ, ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ತಯಾರಾದ ವಾಹನಗಳನ್ನು ತನ್ನ ಕಾರ್ಯಾಗಾರಗಳಿಗೆ ತರಬೇಕೆಂದು ಸಾರಿ, ಬೆಲೆಯಿಲ್ಲದೆ ಆ ಭಾಗವನ್ನು ಬದಲಿಸಿಕೊಡುವನು. ಇದಕ್ಕೇ ರೀಕಾಲ್ ಎಂದು ಹೆಸರು. ಪುನರಾಹ್ವಾನವೆಂದು ಸಂಸ್ಕೃತದಲ್ಲಿ ಹೇಳಬಹುದಾದರೂ ಕಾರ್ಯಾಗಾರದಲ್ಲಿ ಹಾಗೆ ಕೇಳಿದರೆ ಯಾರಿಗೂ ತಿಳಿಯಲಾರದು. ರೀಕಾಲ್ ಎಂದೇ ಕೇಳತಕ್ಕದ್ದು.

ಮರಕ್ಕೂ ಕಬ್ಬಿಣಕ್ಕೂ ಭಕ್ತಿಯ ರಿಯಾಯಿತಿಯಿಲ್ಲವೆಂಬುದನ್ನು ನಮ್ಮ ಸೀಮೆಯವರು ಬಲ್ಲರು. ೨೦೧೭ರ ಫೆಬ್ರವರಿ ತಿಂಗಳಲ್ಲಿ ಕೊಟ್ಟೂರಿನ ಗುರುಬಸವೇಶ್ವರನ ತೇರು ಉತ್ಸವದ ನಡುವೆಯೇ ಮಗುಚಿಬಿದ್ದು ಹಲವರು ಗಾಯಗೊಂಡರು; ತರುವಾಯ ಹೊಸ ತೇರನ್ನು ಕಟ್ಟಬೇಕಾಯಿತು. ದೇವರ ರಥಕ್ಕೇ ಹೀಗಾಗಬಹುದಾದರೆ ನಮ್ಮ ನಿಮ್ಮ ವಾಹನಗಳ ಮಾತೇನು?

ಬಿಡದಿಯಲ್ಲಿ ಹುಟ್ಟಿದ ಒಂದು ವಾಹನದ ಕಥೆ

ದೂರದ ದೇಶದ ಉದಾಹರಣೆಯನ್ನು ಹುಡುಕಬೇಕಾದುದಿಲ್ಲ. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಾದಿಯಲ್ಲಿರುವ ಬಿಡದಿಯಲ್ಲಿ, ೧೯೯೭ರಲ್ಲಿ ಸ್ಥಾಪಿತವಾದ ಟೊಯೊಟಾ ಕಿರ್ಲೋಸ್ಕರ್ ಸಂಸ್ಥೆಯ ಯಂತ್ರಶಾಲೆಯಿದೆ. ಒಂದು ಕಾಲಕ್ಕೆ ಮದುವೆಯ ದಿಬ್ಬಣಗಳಿಗೆಲ್ಲ ಬೇಕಾಗಿದ್ದ ಕ್ವಾಲಿಸ್ ಗಾಡಿಯೂ ಅದರ ನಂತರದ ಇನೋವಾ ಗಾಡಿಯೂ ಹುಟ್ಟಿದ್ದು ಅಲ್ಲಿಯೇ. ೨೦೨೨ರ ಆಗಸ್ಟಿನಲ್ಲಿ ಅಲ್ಲಿ ಒಂದು ಹೊಸ ಎಸ್‌ಯುವಿಯ ತಯಾರಿಕೆಯು ಪ್ರಾರಂಭವಾಯಿತು. ಈ ವಾಹನಕ್ಕೆ ಎರಡು ನಾಮಧೇಯಗಳು. ಮಾರುತಿ ಸುಜುಕಿಯ ಅಂಗಡಿಯಲ್ಲಿ ಅದು ಗ್ರ್ಯಾಂಡ್ ವಿಟಾರಾ. ಟೊಯೊಟಾದ ಅಂಗಡಿಯಲ್ಲಿ ಅರ್ಬನ್ ಕ್ರೂಸರ್ ಹೈರೈಡರ್. ಮುಖದ ಅಲಂಕಾರದಲ್ಲಿ ಕೊಂಚ ಭೇದವಿದ್ದರೂ ಮೈಕಟ್ಟು ಒಂದೇ. ಐವರು ಕೂಡತಕ್ಕ ಈ ವಾಹನವನ್ನು ಮಧ್ಯಮವರ್ಗದ ಗೃಹಸ್ಥರು ಬಹಳವಾಗಿ ಮೆಚ್ಚಿ ಕೊಂಡರು.

ಮಾರುಕಟ್ಟೆಗೆ ಬಂದ ನಾಲ್ಕೈದು ತಿಂಗಳೊಳಗಾಗಿ ಗ್ರ್ಯಾಂಡ್ ವಿಟಾರಾಕ್ಕೆ ಸಂಬಂಧಿಸಿದ ಮೂರು ಕರೆಗಳು ಒಂದರ ಹಿಂದೊಂದು ಹೊರಟವು. ಮೊದಲನೆಯದು ೨೦೨೨ರ ಡಿಸೆಂಬರಿನದು. ಆ ವರ್ಷದ ನವೆಂಬರ್ ೨ರಿಂದ ೨೮ರವರೆಗೆ ತಯಾರಾದ ಐದು ಮಾದರಿಗಳ ಒಟ್ಟು ೯,೧೨೫ ವಾಹನಗಳನ್ನು ಮಾರುತಿ ಸಂಸ್ಥೆಯು ಕರೆಸಿತು. ಗ್ರ್ಯಾಂಡ್ ವಿಟಾರಾ ಅವುಗಳಲ್ಲೊಂದು. ಮುಂದಿನ ಆಸನದ ಸೀಟ್‌ಬೆಲ್ಟನ್ನು ಭುಜದ ಎತ್ತರಕ್ಕೆ ಹೊಂದಿಸುವ ಜೋಡಣೆಯೊಳಗಿನ ಒಂದು ಚಿಕ್ಕ ಭಾಗದಲ್ಲಿ ದೋಷವಿದ್ದು, ಅಪರೂಪಕ್ಕೆ ಬೆಲ್ಟು ಕಳಚಿಕೊಳ್ಳುವ ಸಂಭವವಿತ್ತು.

ಎರಡನೆಯ ಕರೆಯು ೨೦೨೩ರ ಜನವರಿಯದು. ೨೦೨೨ರ ಡಿಸೆಂಬರ್ ೮ರಿಂದ ೨೦೨೩ರ ಜನವರಿ ೧೨ರವರೆಗೆ ತಯಾರಾದ ಆರು ಮಾದರಿಗಳ ೧೭,೩೬೨ ವಾಹನಗಳು ಇದಕ್ಕೆ ಒಳಪಟ್ಟವು. ಏರ್‌ಬ್ಯಾಗುಗಳಿಗೆ ಅಪ್ಪಣೆ ಕೊಡುವ ನಿಯಂತ್ರಕದಲ್ಲಿ ದೋಷವಿದ್ದರೆ, ಡಿಕ್ಕಿಯ ಕ್ಷಣದಲ್ಲಿ ಗಾಳಿಯ ಚೀಲವು ಬಿಚ್ಚಿಕೊಳ್ಳದೆ ಹೋಗಬಹುದಾಗಿತ್ತು. ಆ ಭಾಗವನ್ನು ಬದಲಿಸುವವರೆಗೆ ಸಂಶಯಕ್ಕೊಳಗಾದ ವಾಹನವನ್ನು ನಡೆಸಲೇಬಾರದೆಂದು ಸಂಸ್ಥೆಯು ತಿಳಿಸಿದುದನ್ನು ನೋಡಿದರೆ ವಿಷಯದ ಗುರುತ್ವವು ಗೊತ್ತಾಗುತ್ತದೆ.

ಮೂರನೆಯ ಕರೆಯೂ ಅದೇ ಜನವರಿಯದೇ. ಇದು ಗ್ರ್ಯಾಂಡ್ ವಿಟಾರಾ ಒಂದಕ್ಕೇ ಸಂಬಂಧಿಸಿದ್ದು: ೨೦೨೨ರ ಆಗಸ್ಟ್ ೮ರಿಂದ ನವೆಂಬರ್ ೧೫ರವರೆಗೆ ತಯಾರಾದ ೧೧,೧೭೭ ವಾಹನಗಳು. ಹಿಂದಿನ ಆಸನದ ಸೀಟ್‌ಬೆಲ್ಟನ್ನು ವಾಹನದ ಮೈಗೆ ಹಿಡಿದಿಡುವ ಕಬ್ಬಿಣದ ಹಿಡಿಕೆಗಳು ಕಾಲಕ್ರಮದಲ್ಲಿ ಸಡಿಲವಾಗಬಹುದೆಂಬುದು ಅದರ ಕಾರಣ. ಹೈರೈಡರ್ ವಾಹನಗಳಿಗೂ ಟೊಯೊಟಾ ಸಂಸ್ಥೆಯು ಇಂಥ ಕರೆಗಳನ್ನೇ ಹೊರಡಿಸಿತು. ಯಂತ್ರಶಾಲೆಯೊಂದೇ ಆದುದರಿಂದ ದೋಷವು ಹೆಸರಿನ ಭೇದವನ್ನು ನೋಡಲಿಲ್ಲ.

ವಾಚಕರು ಇಲ್ಲಿ ತಾರೀಖುಗಳನ್ನು ಗಮನವಿಟ್ಟು ನೋಡಬೇಕು. ೨೦೨೨ರ ನವೆಂಬರ್ ಎರಡನೆಯ ವಾರದಲ್ಲಿ ತಯಾರಾದ ಒಂದು ವಾಹನವು ಮೊದಲನೆಯ ಕರೆಗೂ ಮೂರನೆಯ ಕರೆಗೂ ಒಳಪಟ್ಟಿರಬಹುದು. ಆದಕಾರಣ ‘ನಮ್ಮ ಗಾಡಿಯನ್ನು ಒಮ್ಮೆ ಒಯ್ದು ತೋರಿಸಿದ್ದೇವೆ, ಇನ್ನು ಚಿಂತೆಯಿಲ್ಲ’ ಎಂದು ಸುಮ್ಮನಿರುವುದು ಸರಿಯಲ್ಲ. ಮುಂದೆ ೨೦೨೫ರ ನವೆಂಬರಿನಲ್ಲಿ ಮತ್ತೊಂದು ಕರೆಯು ಹೊರಟಿತು. ೨೦೨೪ರ ಡಿಸೆಂಬರ್ ೯ರಿಂದ ೨೦೨೫ರ ಏಪ್ರಿಲ್ ೨೯ರವರೆಗೆ ತಯಾರಾದ ೩೯,೫೦೬ ಗ್ರ್ಯಾಂಡ್ ವಿಟಾರಾಗಳಲ್ಲಿಯೂ ೧೧,೫೨೯ ಹೈರೈಡರುಗಳಲ್ಲಿಯೂ ಇಂಧನವೆಷ್ಟಿದೆಯೆಂದು ತೋರಿಸುವ ಸೂಚಕವು ಸರಿಯಾದ ಲೆಕ್ಕವನ್ನು ತೋರಿಸದಿರಬಹುದೆಂದು ತಿಳಿದುಬಂದಿತು.

ಹದಿನೇಳು ಕ್ವಿಂಟಲಿನ ಭಾರ

‘ಒಂದು ಹಿಡಿಕೆ, ಒಂದು ಪಟ್ಟಿ, ಒಂದು ಮುಳ್ಳು, ಇಷ್ಟಕ್ಕೆ ಐವತ್ತು ಅರವತ್ತು ಮೈಲಿ ಹೋಗಿ ಬರಬೇಕೆ?’ ಎಂದು ಯಾರಾದರೂ ಕೇಳಬಹುದು. ಇದಕ್ಕೆ ಉತ್ತರವನ್ನು ಗಣಿತವೇ ಕೊಡಲಿ.

ಘಂಟೆಗೆ ೬೦ ಕಿಲೋಮೀಟರು ವೇಗದಲ್ಲಿ ಹೋಗುವ ವಾಹನವು ಒಂದು ಸೆಕೆಂಡಿಗೆ ಸುಮಾರು ೧೬.೭ ಮೀಟರು ಮುಂದುವರಿಯುತ್ತದೆ. ೧೪ ಮೀಟರು ಎತ್ತರದಿಂದ, ಎಂದರೆ ನಾಲ್ಕು ಅಂತಸ್ತಿನ ಮಾಳಿಗೆಯಿಂದ, ಕೆಳಕ್ಕೆ ಬಿದ್ದ ವಸ್ತುವು ನೆಲವನ್ನು ಮುಟ್ಟುವಾಗ ಇರುವ ವೇಗವೂ ಇಷ್ಟೇ. ಆ ವೇಗದಲ್ಲಿ ಹೋಗುತ್ತಿರುವಾಗ ವಾಹನವು ಮರಕ್ಕೋ ಲಾರಿಗೋ ಬಡಿದು ನಿಂತಿತೆನ್ನೋಣ. ವಾಹನವು ನಿಂತರೂ ಒಳಗೆ ಕುಳಿತವರ ದೇಹವು ಅದೇ ವೇಗದಿಂದ ಮುಂದಕ್ಕೆ ಹೋಗಲೆಳಸುತ್ತದೆ. ಆ ದೇಹವನ್ನು ಅರ್ಧ ಮೀಟರಿನೊಳಗೆ ಹಿಡಿದು ನಿಲ್ಲಿಸಬೇಕಾದರೆ ಅದರ ತೂಕದ ೨೮ ಪಾಲಿನಷ್ಟು ಬಲವು ಬೇಕಾಗುವುದು. ಅರವತ್ತು ಕಿಲೋ ತೂಕದ ಮನುಷ್ಯನಿಗೆ ಇದು ಸುಮಾರು ಹದಿನೇಳು ಕ್ವಿಂಟಲು. ಮೆಕ್ಕೆಜೋಳದ ಚೀಲಗಳನ್ನು ಹೊತ್ತು ಬಲ್ಲ ನಮ್ಮ ರೈತರಿಗೆ ಹದಿನೇಳು ಕ್ವಿಂಟಲೆಂದರೆ ಎಷ್ಟೆಂಬುದನ್ನು ಹೇಳಿಕೊಡಬೇಕಾದುದಿಲ್ಲ. ಆ ಭಾರವೆಲ್ಲವೂ ಎರಡಂಗುಲ ಅಗಲದ ಪಟ್ಟಿಯ ಮೇಲೆ, ಪಟ್ಟಿಯಿಂದ ಅದರ ಕಬ್ಬಿಣದ ಹಿಡಿಕೆಗಳ ಮೇಲೆ ಬೀಳುವುದು. ಆ ಹಿಡಿಕೆಯೇ ಸಡಿಲವಾಗಿದ್ದರೆ?

ಇನ್ನು ತೊಡೆಯ ಮೇಲೆ ಕುಳಿತ ಇಪ್ಪತ್ತು ಕಿಲೋ ತೂಕದ ಮಗುವಿನ ಲೆಕ್ಕವನ್ನು ನೋಡಿರಿ. ಅದನ್ನು ಹಿಡಿದಿಡಲು ಐದೂವರೆ ಕ್ವಿಂಟಲಿಗೂ ಮಿಗಿಲಾದ ಬಲವು ಬೇಕು. ಮಾತೃವಾತ್ಸಲ್ಯವು ಎಷ್ಟೇ ಅಪಾರವಾಗಿದ್ದರೂ ಎರಡು ಕೈಗಳಿಗೆ ಅಷ್ಟು ಬಲವಿರುವುದಿಲ್ಲ. ಆದುದರಿಂದ ಮಗುವಿಗೆ ಅದರ ಮೈಗೆ ತಕ್ಕ ಪ್ರತ್ಯೇಕ ಆಸನವೂ ಪಟ್ಟಿಯೂ ಇರತಕ್ಕದ್ದು. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಹೀಗೆ ಭದ್ರಪಡಿಸದಿದ್ದರೆ ೧,೦೦೦ ರೂಪಾಯಿ ದಂಡವೆಂದು ಮೋಟಾರು ವಾಹನ ಕಾಯಿದೆಯೂ ಹೇಳಿದೆ.

ಈಗ ಬಳಕೆಯಲ್ಲಿರುವ, ಭುಜದಿಂದ ಸೊಂಟಕ್ಕೆ ಇಳಿದು ಮೂರು ಕಡೆಗಳಲ್ಲಿ ಬಿಗಿಯುವ ಪಟ್ಟಿಯನ್ನು ೧೯೫೯ರಲ್ಲಿ ಬಳಕೆಗೆ ತಂದವನು ಸ್ವೀಡನ್ ದೇಶದ ವೋಲ್ವೊ ಸಂಸ್ಥೆಯ ನಿಲ್ಸ್ ಬೋಲಿನ್ ಎಂಬ ಎಂಜಿನಿಯರನು. ಆ ಸಂಸ್ಥೆಯು ತನ್ನ ಹಕ್ಕನ್ನು ಕಾದಿರಿಸಿಕೊಳ್ಳದೆ ಎಲ್ಲ ತಯಾರಕರೂ ಇದನ್ನು ಬಳಸಲೆಂದು ಬಿಟ್ಟುಕೊಟ್ಟಿತು. ಹೀಗೆ ಲೋಕಕ್ಕೆ ದಾನವಾಗಿ ಬಂದ ವಸ್ತುವನ್ನು ನಮ್ಮಲ್ಲಿ ಹಿಂದಿನ ಆಸನದವರು ಮುಟ್ಟುವುದೇ ಇಲ್ಲ. ಬಿಡದಿಯಲ್ಲಿ ಆ ಸಂಶಯಾಸ್ಪದ ಹಿಡಿಕೆಗಳು ಜೋಡಣೆಯಾಗುತ್ತಿದ್ದ ಕಾಲದಲ್ಲಿಯೇ, ೨೦೨೨ರ ಸೆಪ್ಟೆಂಬರ್ ೪ರಂದು, ಟಾಟಾ ಸಂಸ್ಥೆಗಳ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿಯವರು ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯಲ್ಲಿ ಕಾರು ಅಪಘಾತದಲ್ಲಿ ಮರಣ ಹೊಂದಿದರು. ಅವರು ಕುಳಿತಿದ್ದುದು ಹಿಂದಿನ ಆಸನದಲ್ಲಿ, ಪಟ್ಟಿಯನ್ನು ಕಟ್ಟಿಕೊಂಡಿರಲಿಲ್ಲ. ಕಟ್ಟದ ಪಟ್ಟಿಯ ಹಿಡಿಕೆಯು ಸಡಿಲವೋ ಬಿಗಿಯೋ ಎಂಬುದು ಯಾರಿಗೂ ತಿಳಿಯುವಂತಿಲ್ಲ. ದೋಷವನ್ನು ಸರಿಪಡಿಸಿಕೊಂಡು ಬಂದು ಮತ್ತೆ ಪಟ್ಟಿಯನ್ನು ಆಸನದ ಹಿಂದಕ್ಕೆ ತುರುಕುವುದರಿಂದ ಪ್ರಯೋಜನವೇನು?

ಇಂಧನದ ಮುಳ್ಳಿನ ವಿಷಯವನ್ನು ಹಗುರವಾಗಿ ಎಣಿಸಬಾರದು. ಎಣ್ಣೆಯಿದೆಯೆಂದು ಸೂಚಕವು ಹೇಳುತ್ತಿರಲು, ಕೂಡ್ಲಿಗಿಯ ಆಚೆಗೆ ಹೆದ್ದಾರಿಯ ನಡುವೆ ನಟ್ಟಿರುಳಿನಲ್ಲಿ ವಾಹನವು ನಿಂತುಬಿಟ್ಟರೆ, ಹಿಂದಿನಿಂದ ಬರುವ ಲಾರಿಗೆ ಅದು ಕಾಣದೆ ಹೋಗಬಹುದು. ಹೆರಿಗೆಯ ನೋವೆದ್ದ ಹೆಂಗಸನ್ನೋ ಎದೆನೋವಿನ ವೃದ್ಧನನ್ನೋ ಕರೆದೊಯ್ಯುವಾಗ ಹೀಗಾದರಂತೂ ಹೇಳುವುದೇ ಬೇಡ.

ಪರದೇಶದ ಪಾಠ

ಕುಟುಂಬವಾಹನದ ದೋಷವು ಎಷ್ಟು ಪ್ರಾಣಗಳನ್ನು ತೆಗೆದುಕೊಳ್ಳಬಹುದೆಂಬುದಕ್ಕೆ ಅಮೆರಿಕದ ಫೋರ್ಡ್ ಎಕ್ಸ್‌ಪ್ಲೋರರ್ ಎಂಬ ಎಸ್‌ಯುವಿಯೇ ದೃಷ್ಟಾಂತ. ಅದಕ್ಕೆ ಹಾಕುತ್ತಿದ್ದ ಫೈರ್‌ಸ್ಟೋನ್ ಕಂಪೆನಿಯ ಟಯರುಗಳಲ್ಲಿ, ವೇಗವಾಗಿ ಹೋಗುತ್ತಿರುವಾಗಲೇ ಹೊರಮೈಯ ಪದರವು ಕಿತ್ತುಹೋಗಿ ವಾಹನವು ಮಗುಚಿಕೊಳ್ಳುತ್ತಿತ್ತು. ೨೦೦೦ದ ಆಗಸ್ಟಿನಲ್ಲಿ ಸುಮಾರು ೬೫ ಲಕ್ಷ ಟಯರುಗಳನ್ನು ಮರಳಿ ಕರೆಸಲಾಯಿತು. ಆ ದೇಶದ ಸರಕಾರಿ ಲೆಕ್ಕದಲ್ಲಿ ಈ ಟಯರುಗಳ ಸಂಬಂಧವಾಗಿ ೨೭೧ ಜನರು ಮೃತರಾದರೆಂದು ದಾಖಲಾಗಿದೆ.

ನಮ್ಮ ಬಯಲುಸೀಮೆಯವರು ಇಲ್ಲಿ ಎರಡು ಸಂಗತಿಗಳನ್ನು ನೆನಪಿನಲ್ಲಿಡಬೇಕು. ಉಷ್ಣವು ಹೆಚ್ಚಾದ ಪ್ರದೇಶಗಳಲ್ಲಿ ಆ ಟಯರುಗಳು ಬೇಗನೆ ಕೆಡುತ್ತಿದ್ದವು. ಟಯರಿನೊಳಗೆ ಗಾಳಿಯು ಕಡಿಮೆಯಾಗಿದ್ದರೆ ಆ ಶಾಖವು ಮತ್ತಷ್ಟು ಹೆಚ್ಚುತ್ತಿತ್ತು. ಏಪ್ರಿಲ್, ಮೇ ತಿಂಗಳುಗಳ ನಮ್ಮ ಡಾಂಬರು ರಸ್ತೆಯನ್ನು ಬಲ್ಲವರಿಗೆ ಇದರ ಅರ್ಥವಾಗುವುದು. ಇನ್ನೊಂದು ಸಂಗತಿಯೇನೆಂದರೆ, ಸೌದಿ ಅರೇಬಿಯ ಮೊದಲಾದ ಬಿಸಿಲಿನ ದೇಶಗಳಲ್ಲಿ ಫೋರ್ಡ್ ಕಂಪೆನಿಯು ೧೯೯೯ರಲ್ಲಿಯೇ ಈ ಟಯರುಗಳನ್ನು ಬದಲಿಸಿಕೊಡಲು ತೊಡಗಿತ್ತು. ಅಮೆರಿಕದ ಗ್ರಾಹಕರಿಗೆ ಕರೆಯು ಬಂದುದು ಆಮೇಲೆ. ಆದುದರಿಂದ ೨೦೦೦ದ ಕೊನೆಯಲ್ಲಿ ಆ ದೇಶವು, ಅನ್ಯದೇಶಗಳಲ್ಲಿ ಕಂಡುಬಂದ ದೋಷಗಳನ್ನೂ ತನಗೆ ತಿಳಿಸಬೇಕೆಂದು ತಯಾರಕರನ್ನು ಕಾನೂನಿನಿಂದ ಕಟ್ಟಿಹಾಕಿತು. ಒಂದು ಊರಿನಲ್ಲಿ ಕಂಡ ದೋಷದ ಸುದ್ದಿಯು ಇನ್ನೊಂದು ಊರಿಗೆ ತಡವಾಗಿ ತಲುಪಿದರೆ, ನಡುವಣ ಕಾಲದಲ್ಲಿ ಜೀವಗಳು ಹೋಗುತ್ತವೆ.

ಜಪಾನಿನ ತಕಾಟಾ ಕಂಪೆನಿಯ ಏರ್‌ಬ್ಯಾಗುಗಳ ವೃತ್ತಾಂತವೂ ಇಂಥದೇ. ಚೀಲವನ್ನು ಉಬ್ಬಿಸುವ ರಾಸಾಯನಿಕವು ಬಿಸಿಲು ಮತ್ತು ತೇವದಿಂದ ಕೆಟ್ಟು, ಅದರ ಲೋಹದ ಡಬ್ಬಿಯೇ ಸಿಡಿದು ಚೂರುಗಳು ಪ್ರಯಾಣಿಕರಿಗೆ ನಾಟುತ್ತಿದ್ದವು. ರಕ್ಷಿಸಬೇಕಾದುದೇ ಭಕ್ಷಿಸಿದಂತಾಯಿತು. ಜಗತ್ತಿನಾದ್ಯಂತ ಕೋಟಿಗಟ್ಟಲೆ ವಾಹನಗಳನ್ನು ಕರೆಸಬೇಕಾಯಿತು. ಭಾರತದಲ್ಲಿಯೂ ಹೋಂಡಾ ಮೊದಲಾದ ಸಂಸ್ಥೆಗಳು ಕರೆಸಿದವು. ೨೦೧೭ರಲ್ಲಿ ಆ ಕಂಪೆನಿಯು ದಿವಾಳಿಯಾಯಿತು.

ಕಾಯಿದೆಯು ಏನು ಹೇಳುತ್ತದೆ?

ನಮ್ಮ ದೇಶದಲ್ಲಿ ಬಹುಕಾಲ ಇದಕ್ಕೆ ಕಾಯಿದೆಯೇ ಇರಲಿಲ್ಲ. ೨೦೧೨ರ ಜುಲೈಯಲ್ಲಿ ವಾಹನ ತಯಾರಕರ ಸಂಘವು ತನ್ನಿಂದ ತಾನೇ ಒಂದು ನಿಯಮಾವಳಿಯನ್ನು ಮಾಡಿಕೊಂಡಿತು. ಮರುವರ್ಷವೇ ಜನರಲ್ ಮೋಟಾರ್ಸ್ ಸಂಸ್ಥೆಯು, ೨೦೦೫ರಿಂದ ೨೦೧೩ರವರೆಗೆ ತಯಾರಾದ ಸುಮಾರು ೧,೧೪,೦೦೦ ಶೆವ್ರೊಲೆ ತವೇರಾ ವಾಹನಗಳನ್ನು ಕರೆಸಬೇಕಾಯಿತು. ಬಾಡಿಗೆಗೂ ಮದುವೆಗೂ ನಮ್ಮ ಊರುಗಳಲ್ಲಿ ಬಹಳ ಓಡಾಡಿದ ಗಾಡಿಯದು. ಹೊಗೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಲೆಂದು ಸಿಬ್ಬಂದಿಯಲ್ಲಿ ಕೆಲವರು ಕಪಟ ಮಾಡಿದ್ದರೆಂದು ಸಂಸ್ಥೆಯೇ ಸರಕಾರಕ್ಕೆ ತಿಳಿಸಿತು. ಇದನ್ನು ದೋಷವೆನ್ನುವುದಕ್ಕಿಂತ ವಂಚನೆಯೆನ್ನುವುದೇ ಯುಕ್ತ.

೨೦೧೯ರಲ್ಲಿ ಮೋಟಾರು ವಾಹನ ಕಾಯಿದೆಗೆ ತಿದ್ದುಪಡಿಯಾಗಿ, ೧೧೦-ಎ ಎಂಬ ಹೊಸ ಪ್ರಕರಣವು ಸೇರಿತು. ಇದರ ನಿಯಮಗಳು ೨೦೨೧ರ ಏಪ್ರಿಲ್ ೧ರಿಂದ ಜಾರಿಗೆ ಬಂದವು. ಅದರ ಸಾರಾಂಶವಿದು: ಚಾಲಕನಿಗೆ, ಒಳಗೆ ಕುಳಿತವರಿಗೆ, ರಸ್ತೆಯಲ್ಲಿ ಹೋಗುವ ಇತರರಿಗೆ ಅಥವಾ ಪರಿಸರಕ್ಕೆ ಹಾನಿಯನ್ನು ತರಬಹುದಾದ ದೋಷವು ಒಂದು ಮಾದರಿಯಲ್ಲಿದೆಯೆಂದು ಗೊತ್ತಾದ ಸಂಖ್ಯೆಯ ಒಡೆಯರು ದೂರಿಕೊಂಡರೆ, ಕೇಂದ್ರ ಸರಕಾರವು ಅಂಥ ವಾಹನಗಳನ್ನು ಮರಳಿ ಕರೆಸುವಂತೆ ತಯಾರಕನಿಗೆ ಆಜ್ಞಾಪಿಸಬಹುದು. ಆಗ ತಯಾರಕನು ದೋಷವನ್ನು ಸರಿಪಡಿಸಬೇಕು, ಇಲ್ಲವೆ ಅಂಥದೇ ಬೇರೆ ವಾಹನವನ್ನು ಕೊಡಬೇಕು, ಅಥವಾ ಬೆಲೆಯನ್ನು ಹಿಂದಕ್ಕೆ ಕೊಡಬೇಕು. ತಯಾರಕನು ತಾನೇ ದೋಷವನ್ನು ಕಂಡುಹಿಡಿದು ಸರಕಾರಕ್ಕೆ ತಿಳಿಸಿ ವಾಹನಗಳನ್ನು ಕರೆಸಿದರೆ, ಆ ಪ್ರಕರಣದ ದಂಡದಿಂದ ಅವನಿಗೆ ವಿನಾಯಿತಿಯುಂಟು. ಈ ಕೊನೆಯ ವಿಧಿಯು ವಿವೇಕದಿಂದ ಕೂಡಿದೆ. ಸತ್ಯವನ್ನು ಹೇಳಿದವನಿಗೇ ಮೊದಲು ಪೆಟ್ಟು ಬೀಳುವಂತಿದ್ದರೆ ಯಾರೂ ಸತ್ಯವನ್ನು ಹೇಳರೆಂಬುದು ಪಾಠಶಾಲೆಯನ್ನು ನಡೆಸಿದವರೆಲ್ಲರಿಗೂ ಗೊತ್ತಿರುವ ವಿಷಯ.

ಇಲ್ಲಿ ಒಂದು ಮಿತಿಯನ್ನು ತಿಳಿದಿರಬೇಕು. ಸರಕಾರದ ಆಜ್ಞೆಯಿಂದ ಕರೆಸುವ ಈ ವಿಧಿಯು ಏಳು ವರ್ಷದೊಳಗಿನ ವಾಹನಗಳಿಗೆ ಮಾತ್ರ ಅನ್ವಯಿಸುವುದು. ಹತ್ತು ಹನ್ನೆರಡು ವರ್ಷ ಹಳೆಯದಾದ ಗಾಡಿಯನ್ನು ಕೊಳ್ಳುವವರು ಅದರ ಪೂರ್ವೋತ್ತರವನ್ನು ತಾವೇ ವಿಚಾರಿಸಿಕೊಳ್ಳಬೇಕು.

ಕರೆಯು ಹೊಳಲಿಗೆ ಬಂದು ಮುಟ್ಟುವ ಬಗೆ

ಹೀಗೆ ತಯಾರಕರ ಕರೆಯಿದೆ, ಸರಕಾರದ ಕಾಯಿದೆಯಿದೆ. ಆದರೂ ನಡುವೆ ಒಂದು ಸೇತುವೆಯು ಮುರಿದಿದೆ. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ೨೦೨೨ರ ದೀಪಾವಳಿಗೆ ಬೆಂಗಳೂರಿನ ಒಬ್ಬ ನೌಕರನು ಈ ಎಸ್‌ಯುವಿಯನ್ನು ಕೊಂಡನು. ಎರಡು ವರ್ಷಗಳ ತರುವಾಯ ಅದನ್ನು ದಾವಣಗೆರೆಯ ವ್ಯಾಪಾರಿಯೊಬ್ಬನಿಗೆ ಮಾರಿದನು. ಅವನಿಂದ ನಮ್ಮ ಹೊಳಲಿನ ಗೃಹಸ್ಥನೊಬ್ಬನು ಕೊಂಡು ತಂದು, ಪೂಜೆ ಮಾಡಿಸಿ, ಮನೆಯ ಮುಂದೆ ನಿಲ್ಲಿಸಿದನು. ಹಿಂದಿನ ಆಸನದ ಹಿಡಿಕೆಯ ವಿಷಯವಾಗಿ ಸಂಸ್ಥೆಯಿಂದ ಬಂದ ಸಂದೇಶವು ಎಲ್ಲಿಗೆ ಹೋಗಿರುವುದು? ಮೊದಲನೆಯ ಒಡೆಯನ ಮೊಬೈಲಿಗೆ. ಅವನು ಅದನ್ನು ಸಾಲ ಕೊಡುವವರ ಜಾಹೀರಾತುಗಳ ಜೊತೆಯಲ್ಲಿ ಅಳಿಸಿಹಾಕಿದ್ದರೆ, ಅವನಿಗೂ ಗೊತ್ತಿಲ್ಲ, ಇವನಿಗೂ ಗೊತ್ತಿಲ್ಲ. ವಾಹನವು ಓಡುತ್ತಲೇ ಇದೆ. ಹಿಡಿಕೆಯು ಹಾಗೆಯೇ ಇದೆ. ಅದರ ಮುಂದೆ ಮಕ್ಕಳು ಕುಳಿತಿದ್ದಾರೆ.

ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯ ಕಾಲಕ್ಕೆ ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಕಾರಣಿಕದ ಒಂದು ವಾಕ್ಯಕ್ಕಾಗಿ ಲಕ್ಷಾಂತರ ಜನರು ಉಸಿರನ್ನು ಬಿಗಿಹಿಡಿದು ನಿಲ್ಲುವರು. ಆ ಬಳಿಕ ಅದರ ಅರ್ಥವನ್ನು ವಾರಗಟ್ಟಲೆ ಚರ್ಚಿಸುವರು. ಅಷ್ಟು ದೂರದಿಂದ ಅವರನ್ನು ಕರೆತಂದ ವಾಹನದ ವಿಷಯವಾಗಿ ತಯಾರಕನು ಸ್ಪಷ್ಟವಾಗಿ ಹೇಳಿದ ಮಾತಿಗೆ ಅದರಲ್ಲಿ ನೂರರಲ್ಲೊಂದು ಪಾಲು ಗಮನವನ್ನು ಕೊಟ್ಟರೂ ಸಾಕು.

ಇನ್ನು ಕೆಲವರು ಕರೆಯು ಬಂದರೂ ಹೋಗುವುದಿಲ್ಲ. ಅದಕ್ಕೆ ಎರಡು ಕಾರಣಗಳುಂಟು. ಒಂದು, ‘ಕಂಪೆನಿಯವರು ಏನೋ ನೆವ ಹೇಳಿ ಬಿಲ್ಲು ಮಾಡುವರು’ ಎಂಬ ಶಂಕೆ. ರೀಕಾಲಿನ ಕೆಲಸಕ್ಕೆ ಒಡೆಯನು ಒಂದು ಕಾಸನ್ನೂ ಕೊಡಬೇಕಾದುದಿಲ್ಲ. ಯಾರಾದರೂ ಕೇಳಿದರೆ ಕೊಡಕೂಡದು. ಇನ್ನೊಂದು, ‘ಕರೆಸಿದ ಗಾಡಿ’ಯೆಂದು ಗೊತ್ತಾದರೆ ಮಾರುವಾಗ ಬೆಲೆಯು ಇಳಿಯುವುದೆಂಬ ಅಂಜಿಕೆ. ಇದು ತಲೆಕೆಳಗಾದ ವಿಚಾರ. ಕರೆಗೆ ಹೋಗಿ ಸರಿಯಾಗಿ ಬಂದ ವಾಹನಕ್ಕೆ ಕಾಗದದ ಸಾಕ್ಷಿಯಿರುತ್ತದೆ; ಹೋಗದಿರುವ ವಾಹನವೇ ಸಂಶಯಕ್ಕೆ ಪಾತ್ರವಾದದ್ದು. ಕರೆಸಿದರೆಂಬ ಮಾತ್ರಕ್ಕೆ ಆ ಸಂಸ್ಥೆಯನ್ನೂ ಹಳಿಯಬಾರದು. ಮಹೀಂದ್ರಾ ಸಂಸ್ಥೆಯು ೨೦೨೩ರ ಆಗಸ್ಟಿನಲ್ಲಿ ಎಂಜಿನ್ನಿನ ಬಳಿಯ ತಂತಿಗಳು ಉಜ್ಜಿ ಸವೆಯಬಹುದೆಂಬ ಕಾರಣದಿಂದ ೧,೦೮,೩೦೬ ಎಕ್ಸ್‌ಯುವಿ ೭೦೦ ವಾಹನಗಳನ್ನು ಪರೀಕ್ಷೆಗೆ ಕರೆಸಿತು. ಬಲ್ಲವರು ಇದನ್ನು ಕೇಳಿ ಗಾಬರಿಗೊಳ್ಳದೆ ತಮ್ಮ ವಾಹನವನ್ನು ಒಯ್ದು ತೋರಿಸಿ ಬಂದರು. ದೋಷವೇ ಇಲ್ಲದ ಯಂತ್ರವು ಲೋಕದಲ್ಲಿಲ್ಲ. ದೋಷವನ್ನು ಮುಚ್ಚಿಡುವ ತಯಾರಕನಿಗೂ, ಹೇಳಿ ತಿದ್ದುವ ತಯಾರಕನಿಗೂ ಇರುವ ಅಂತರವನ್ನು ಗೃಹಸ್ಥರು ತಿಳಿಯಬೇಕು.

ಗೃಹಸ್ಥನು ಮಾಡತಕ್ಕದ್ದು

ಪ್ರತಿಯೊಂದು ವಾಹನಕ್ಕೂ ಅಕ್ಷರ ಮತ್ತು ಅಂಕೆಗಳಿಂದ ಕೂಡಿದ ೧೭ ಸ್ಥಾನಗಳ ಷಾಸಿ ಸಂಖ್ಯೆಯೊಂದಿರುತ್ತದೆ. ನೋಂದಣಿಯ ಪತ್ರದಲ್ಲಿ, ಎಂದರೆ ಆರ್‌ಸಿಯಲ್ಲಿ, ಅದನ್ನೂ ವಾಹನವು ತಯಾರಾದ ತಿಂಗಳು ಮತ್ತು ವರ್ಷವನ್ನೂ ಬರೆದಿರುವರು. ಈ ಎರಡನ್ನೂ ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿರಿ. ಆ ಸಂಖ್ಯೆಯನ್ನು ತಯಾರಕರ ಜಾಲತಾಣದಲ್ಲಿ ನಮೂದಿಸಿದರೆ ನಿಮ್ಮ ವಾಹನವು ಯಾವುದಾದರೂ ಕರೆಗೆ ಒಳಪಟ್ಟಿದೆಯೇ ಎಂಬುದು ತಿಳಿಯುವುದು. ಜಾಲತಾಣವನ್ನು ನೋಡಲು ಅನುಕೂಲವಿಲ್ಲದವರು ಆ ಸಂಸ್ಥೆಯ ಅಧಿಕೃತ ಕಾರ್ಯಾಗಾರಕ್ಕೆ ದೂರವಾಣಿ ಮಾಡಿ, ಸಂಖ್ಯೆಯನ್ನು ಓದಿ ಹೇಳಿ, ‘ಇದಕ್ಕೆ ರೀಕಾಲ್ ಬಾಕಿ ಇದೆಯೆ?’ ಎಂದು ಕೇಳಿದರೆ ಸಾಕು.

ಬಾಕಿಯಿದ್ದರೆ ದಿನವನ್ನು ಗೊತ್ತುಮಾಡಿಕೊಂಡು ಹೋಗತಕ್ಕದ್ದು. ಬೇಕಾದ ಬಿಡಿಭಾಗವು ಅವರಲ್ಲಿದೆಯೇ ಎಂದು ಮೊದಲೇ ಕೇಳಿಕೊಂಡರೆ ಎರಡು ಸಾರಿ ತಿರುಗುವ ಕಷ್ಟವು ತಪ್ಪುವುದು. ಕೆಲಸವಾದ ಮೇಲೆ, ಯಾವ ಭಾಗವನ್ನು ಬದಲಿಸಿದರು, ಯಾವ ತಾರೀಖಿನಂದು ಎಂಬುದನ್ನು ಬರೆಯಿಸಿ ಕಾಗದವನ್ನು ಪಡೆದುಕೊಳ್ಳಿರಿ. ವಾಹನವನ್ನು ನಡೆಸಬಾರದೆಂದು ಕರೆಯಲ್ಲಿಯೇ ಹೇಳಿದ್ದರೆ ಕಾರ್ಯಾಗಾರದವರು ಬಂದು ಒಯ್ಯುವ ಏರ್ಪಾಡನ್ನು ಕೇಳಬೇಕೇ ಹೊರತು, ‘ಇದೊಂದು ಜಾತ್ರೆ ಮುಗಿಯಲಿ’ ಎನ್ನಬಾರದು.

ಹಳೆಯ ವಾಹನವನ್ನು ಕೊಳ್ಳುವವರು ಇನ್ನೂ ಎರಡು ಕೆಲಸಗಳನ್ನು ಮಾಡಬೇಕು. ಹಣವನ್ನು ಕೊಡುವ ಮೊದಲೇ ಷಾಸಿ ಸಂಖ್ಯೆಯಿಂದ ರೀಕಾಲಿನ ಬಾಕಿಯನ್ನು ವಿಚಾರಿಸುವುದು ಒಂದು. ಕೊಂಡ ಬಳಿಕ ನೋಂದಣಿಯನ್ನು ಕಾಯಿದೆಯ ಪ್ರಕಾರ ತಮ್ಮ ಹೆಸರಿಗೆ ವರ್ಗಾಯಿಸಿಕೊಂಡು, ಅಧಿಕೃತ ಕಾರ್ಯಾಗಾರದಲ್ಲಿಯೂ ತಮ್ಮ ಹೆಸರು, ವಿಳಾಸ, ಮೊಬೈಲ್ ಸಂಖ್ಯೆಗಳನ್ನು ಬರೆಯಿಸುವುದು ಇನ್ನೊಂದು. ವಾಹನವನ್ನು ಮಾರಿದವರಿಗೂ ಒಂದು ಕರ್ತವ್ಯವುಂಟು: ಮಾರಿದ ಮೇಲೆ ಅಂಥ ಸಂದೇಶವು ಬಂದರೆ, ಕೊಂಡವರಿಗೆ ತತ್‌ಕ್ಷಣ ತಿಳಿಸುವುದು. ಒಂದು ದೂರವಾಣಿಯ ಮಾತಿನಿಂದ ಪರರ ಮನೆಯ ಮಗುವು ಉಳಿಯಬಹುದಾದರೆ ಅದಕ್ಕಿಂತ ಅಗ್ಗದ ಪುಣ್ಯವು ಮತ್ತಾವುದಿದೆ?

ಕರೆಯು ಬಾರದಿದ್ದರೂ ವಾಹನದಲ್ಲಿ ದೋಷವಿದೆಯೆಂದು ನಿಮಗೆ ತೋರಿದರೆ, ಅದು ಕಂಡ ದಿನ, ವೇಗ, ಸನ್ನಿವೇಶಗಳನ್ನು ಬರೆದಿಟ್ಟು ಕಾರ್ಯಾಗಾರಕ್ಕೆ ಲಿಖಿತವಾಗಿ ಕೊಡಿರಿ. ಅವರು ಗಮನಿಸದಿದ್ದರೆ ಕೇಂದ್ರ ಸಾರಿಗೆ ಇಲಾಖೆಯ ವಾಹನ್ ಜಾಲತಾಣದಲ್ಲಿ ದೂರನ್ನು ದಾಖಲಿಸಬಹುದು. ೧೯೧೫ ಎಂಬ ಸಂಖ್ಯೆಗೆ ದೂರವಾಣಿ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೂ ತಿಳಿಸಬಹುದು. ದೋಷದಿಂದ ಹಾನಿಯುಂಟಾಗಿದ್ದರೆ ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಜಿಲ್ಲೆಯ ಗ್ರಾಹಕ ಆಯೋಗದ ಮುಂದೆ ಪರಿಹಾರವನ್ನು ಕೇಳುವ ಹಕ್ಕೂ ಉಂಟು. ‘ನಾನೊಬ್ಬನು ಬರೆದರೆ ಏನಾಗುವುದು?’ ಎನ್ನಬೇಡಿರಿ. ಗೊತ್ತಾದ ಸಂಖ್ಯೆಯ ದೂರುಗಳು ಸೇರಿದಾಗಲೇ ಸರಕಾರವು ಕೈಹಾಕುವುದೆಂದು ಮೇಲೆ ಹೇಳಿದೆನಷ್ಟೆ. ಆ ಸಂಖ್ಯೆಯು ಒಂದೊಂದಾಗಿಯೇ ತುಂಬಬೇಕು.

ಮಹಾನವಮಿಯ ಆಯುಧಪೂಜೆಯಂದು ನಾವು ವಾಹನವನ್ನು ತೊಳೆದು, ಹಡಗಲಿಯ ಮಲ್ಲಿಗೆಯ ಮಾಲೆಯನ್ನು ತೊಡಿಸಿ, ಗಾಲಿಯ ಕೆಳಗೆ ನಿಂಬೆಹಣ್ಣನ್ನಿಟ್ಟು ಪೂಜಿಸುತ್ತೇವೆ. ಅಂದಿನ ದಿನವೇ ಇನ್ನೊಂದು ಪದ್ಧತಿಯನ್ನು ಮನೆಮನೆಯಲ್ಲಿಯೂ ಪ್ರಾರಂಭಿಸಬೇಕೆಂದು ನನ್ನ ವಿಜ್ಞಾಪನೆ. ಆರ್‌ಸಿಯನ್ನು ಹೊರಗೆ ತೆಗೆದು, ಓದಬಲ್ಲ ಮಗುವಿನಿಂದ ಆ ಹದಿನೇಳು ಅಕ್ಷರಾಂಕಗಳನ್ನು ಗಟ್ಟಿಯಾಗಿ ಓದಿಸಿ, ಕರೆಯೇನಾದರೂ ಬಾಕಿಯಿದೆಯೇ ಎಂದು ವಿಚಾರಿಸಿರಿ. ಎಲ್ಲ ಆಸನಗಳ ಪಟ್ಟಿಗಳನ್ನೂ ಒಂದೊಂದಾಗಿ ಎಳೆದು, ಬಿಗಿದು, ಬಿಚ್ಚಿ ನೋಡಿರಿ. ಇದಕ್ಕೆ ಅರ್ಧ ಘಂಟೆಯೂ ಹಿಡಿಯುವುದಿಲ್ಲ. ಅಂದಿನಿಂದ ಮುಂದಕ್ಕೆ ಹಿಂದಿನ ಆಸನದಲ್ಲಿ ಕುಳಿತ ಅಜ್ಜಿಯೂ ಮೊಮ್ಮಗುವೂ ತಮ್ಮ ತಮ್ಮ ಪಟ್ಟಿಯನ್ನು ಬಿಗಿದುಕೊಂಡ ಮೇಲೆಯೇ ವಾಹನವು ಅಂಗಳವನ್ನು ಬಿಟ್ಟು ಹೊರಡಲಿ.